ಸೈನಿಕ ಬರೆದದ್ದನ್ನು ಎಷ್ಟು ನಂಬಬೇಕು?

ಓದುಗರ ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗವೊಂದಿದೆ. ಆಯಾ ತಿಂಗಳಲ್ಲಿ ತೀರಿಕೊಂಡ ಒಬ್ಬ ಲೇಖಕರಿಗೆ ನುಡಿನಮನ ಸಲ್ಲಿಸುವುದು ನಮ್ಮ ರೂಢಿ. ಬರುವ ಜನವರಿಗೆ ಎರಡನೆಯ ಮಹಾಯುದ್ಧದ ಅಮೆರಿಕನ್ ಪ್ಯಾರಾಟ್ರೂಪರ್ (ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಜಿಗಿಯುವ ಯೋಧ) ಮೇಜರ್ ರಿಚರ್ಡ್ ವಿಂಟರ್ಸ್ ಅವರನ್ನು ಆರಿಸಿಕೊಂಡಿದ್ದೇನೆ. ಅವರ ಆತ್ಮಕಥನ ಓದಿದ್ದೇನೆ, ಅವರ ತುಕಡಿಯ ಕಥೆ ಹೇಳುವ 'ಬ್ಯಾಂಡ್ ಆಫ್ ಬ್ರದರ್ಸ್' ಟಿ.ವಿ. ಸರಣಿಯನ್ನೂ ನೋಡಿದ್ದೇನೆ. ಆದರೆ ಸುಬೇದಾರರಾಗಿ ನಿವೃತ್ತರಾದ ಗೆಳೆಯರೊಬ್ಬರು, 'ಸಿಪಾಯಿ ಬರೆದ ಪುಸ್ತಕದಲ್ಲಿ ಅರ್ಧ ಬಡಾಯಿ, ಇನ್ನರ್ಧ ಮರೆವು' ಎನ್ನುತ್ತಾರೆ. ವಿಂಟರ್ಸ್ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತ್ತೆಂದೂ, 'ನಾನು ವೀರನಲ್ಲ, ವೀರರ ಕಂಪನಿಯಲ್ಲಿದ್ದೆ' ಎಂದು ಮೊಮ್ಮಗನಿಗೆ ಹೇಳಿದರೆಂದೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸರಣಿಯಲ್ಲಿ ಸತ್ತನೆಂದು ಹೇಳಿದ ಸೈನಿಕನೊಬ್ಬ ಆಮೇಲೆ ಬಹುಕಾಲ ಬದುಕಿದ್ದನಂತೆ. ತೀರಿಕೊಂಡವರ ಬಗ್ಗೆ ಸಭೆಯಲ್ಲಿ ನಿಂತು ಸುಳ್ಳು ಹೇಳಿಬಿಡುತ್ತೇನೇನೋ ಎಂಬ ಅಳುಕು. ಇದರ ಮೇಲೆ, ನಮ್ಮ ಯೋಧರನ್ನು ಬಿಟ್ಟು ಅಮೆರಿಕದವರೇ ಏಕೆ ಎಂದು ಮಗಳು ಕೇಳುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಅಳುಕಿನಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಹರಿದಾಡುವ ಮಾತುಗಳಲ್ಲಿ ಯಾವುದು ನಿಜ, ಸೈನಿಕನ ನೆನಪಿಗೆ ಸಾಕ್ಷಿಯಾಗಿ ಎಷ್ಟು ಬೆಲೆ, ನುಡಿನಮನದಲ್ಲಿ ಇದನ್ನೆಲ್ಲ ಹೇಗೆ ಹೇಳುವುದು. ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದನ್ನು ನೀವು ತಿಳಿದಿರುವುದಕ್ಕಿಂತ ಗಟ್ಟಿಯಾಗಿಯೇ ಕೇಳಿದ್ದಾಳೆ.

ಮೊದಲು ವಾಟ್ಸಾಪ್ ಕಸವನ್ನು ಗುಡಿಸಿಬಿಡೋಣ. ವಿಂಟರ್ಸ್ ಅವರಿಗೆ ಮೆಡಲ್ ಆಫ್ ಆನರ್ ಸಿಗಲಿಲ್ಲ. ಸಿಕ್ಕಿದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್. ಅದನ್ನು ಮೇಲಿನ ಪದಕವನ್ನಾಗಿ ಮಾಡಬೇಕೆಂದು ಅಭಿಮಾನಿಗಳು ಬಹಳ ಓಡಾಡಿದರೂ ಫಲ ಸಿಗಲಿಲ್ಲ. ಮೊಮ್ಮಗನ ಮಾತು ಕೂಡ ಅವರದಲ್ಲ. ವಿಂಟರ್ಸ್ ಇದ್ದ ಸೇನಾ ತುಕಡಿ ಈಸಿ ಕಂಪನಿಯ ಮೈಕ್ ರಾನಿ ಎಂಬವರು ವಿಂಟರ್ಸ್‌ಗೆ ಬರೆದ ಪತ್ರದಲ್ಲಿ, ತಮ್ಮ ಮೊಮ್ಮಗ ಕೇಳಿದ ಪ್ರಶ್ನೆಯನ್ನೂ ತಾವು ಕೊಟ್ಟ ಉತ್ತರವನ್ನೂ ತಿಳಿಸಿದ್ದರು. ಸರಣಿಯ ಕೊನೆಯಲ್ಲಿ ವೃದ್ಧ ವಿಂಟರ್ಸ್ ಕಣ್ಣು ತುಂಬಿಕೊಂಡು ಹೇಳುವುದು ಆ ಪತ್ರದ ಸಾಲನ್ನು. ರಾನಿಯ ಹೆಸರು ಹೇಳಿಯೇ ಹೇಳುತ್ತಾರೆ. ನೋಡಿದವರಿಗೆ ಮುಖ ನೆನಪಿನಲ್ಲಿ ಉಳಿಯಿತು, ಹೆಸರು ಜಾರಿತು. ಗೆಳೆಯನ ಮಾತನ್ನು ಗೆಳೆಯನ ಹೆಸರಿನಲ್ಲೇ ಒಪ್ಪಿಸಿದ ಮನುಷ್ಯನಿಗೆ ಆ ಮಾತನ್ನೇ ಅಂಟಿಸಿ ಹೊಗಳುತ್ತಿರುವುದು ವಿಚಿತ್ರ. ನಿಮ್ಮ ಸಭೆಯಲ್ಲಿ ರಾನಿಯ ಹೆಸರು ಹೇಳಿ. ಅವರು ಮುಂದೆ ಇನ್ನೊಮ್ಮೆ ಬರುತ್ತಾರೆ.

ಇನ್ನು ಸತ್ತನೆಂದು ತೋರಿಸಿದ ಸೈನಿಕನ ವಿಷಯ. ನಿಮ್ಮ ಕಿವಿಗೆ ಬಿದ್ದದ್ದು ಸರಿಯಾಗಿದೆ. ಆಲ್ಬರ್ಟ್ ಬ್ಲೈದ್ ಎಂಬ ಯುವಕ ಫ್ರಾನ್ಸಿನ ನಾರ್ಮಂಡಿಯಲ್ಲಿ ಗುಂಡೇಟು ತಿಂದ. ಆ ಗಾಯದಿಂದ ಚೇತರಿಸಿಕೊಳ್ಳಲಾಗದೆ 1948ರಲ್ಲಿ ತೀರಿಕೊಂಡ ಎಂದು ಇತಿಹಾಸಕಾರ ಸ್ಟೀಫನ್ ಆಂಬ್ರೋಸ್ ಅವರ 1992ರ ಪುಸ್ತಕ 'ಬ್ಯಾಂಡ್ ಆಫ್ ಬ್ರದರ್ಸ್' ಹೇಳಿತು. 2001ರ ಸರಣಿಯೂ ಅದನ್ನೇ ಹೇಳಿತು. ನಿಜದಲ್ಲಿ ಬ್ಲೈದ್ ಸೇನೆಯಲ್ಲೇ ಮುಂದುವರಿದಿದ್ದರು, ಕೊರಿಯಾ ಯುದ್ಧದ ಕಾಲದಲ್ಲೂ ಸೇವೆಯಲ್ಲಿದ್ದರು, 1967ರ ಡಿಸೆಂಬರ್‌ನಲ್ಲಿ ಜರ್ಮನಿಯ ಸೇನಾ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ. ಹತ್ತೊಂಬತ್ತು ವರ್ಷಗಳ ಬದುಕನ್ನೇ ಪುಸ್ತಕ ನುಂಗಿತ್ತು.

ಇದನ್ನು ಯಾರೂ ಬೇಕೆಂದು ಕಟ್ಟಿದ ಸುಳ್ಳು ಎಂದು ನಾನು ಎಣಿಸುವುದಿಲ್ಲ. ಮಾಜಿ ಸೈನಿಕರ ಸಮ್ಮಿಲನಗಳಿಗೆ ಹೋಗಿ ಕುಳಿತವರಿಗೆ ಇದು ಹೇಗಾಗುತ್ತದೆ ಎಂದು ಗೊತ್ತು. ಒಬ್ಬ ಬರುವುದು ನಿಂತಾಗ 'ಅವನು ಹೋದನಂತೆ' ಎಂದು ಯಾರೋ ಹೇಳುತ್ತಾರೆ. ಮುಂದಿನ ವರ್ಷ 'ಅಂತೆ' ಬಿದ್ದುಹೋಗಿ 'ಹೋದ' ಮಾತ್ರ ಉಳಿಯುತ್ತದೆ. ಅದರ ಮುಂದಿನ ವರ್ಷ ಇಸವಿಯೂ ಸೇರಿಕೊಳ್ಳುತ್ತದೆ. ಆಂಬ್ರೋಸ್ ತಮ್ಮ ಪುಸ್ತಕವನ್ನು ಬಹುಪಾಲು ಕಟ್ಟಿದ್ದು ಈ ಕಂಪನಿಯವರ ಬಾಯಿಮಾತಿನಿಂದ. ಅದೂ 1980ರ ದಶಕದ ಕೊನೆಯಲ್ಲಿ, ಎಲ್ಲರೂ ಮುಪ್ಪಿಗೆ ಕಾಲಿಟ್ಟಿದ್ದಾಗ.

ನಿಮ್ಮ ಸುಬೇದಾರ್ ಗೆಳೆಯರ ಮಾತಿಗೆ ಈಗ ಬರುತ್ತೇನೆ. ನಿವೃತ್ತ ಯೋಧರ ನೆನಪಿನ ಬರಹಗಳನ್ನು ತಿದ್ದಿ ಅಚ್ಚಿಗೆ ಅಣಿಗೊಳಿಸುವುದು ನನ್ನ ಕಸುಬು. ಬಡಾಯಿ ನಾನು ಕಂಡದ್ದು ಕಡಿಮೆ. ಮರೆವು ಇದೆ, ಆದರೆ ಅದಕ್ಕೊಂದು ಜಾಡಿದೆ. ಬೂಟಿನೊಳಗೆ ನೀರು ಹೊಕ್ಕದ್ದು, ಪಕ್ಕದವನು ಕೊನೆಗೆ ಆಡಿದ ಮಾತು, ಅಂದು ಸಿಕ್ಕ ಚಹಾದ ರುಚಿ ಇವು ಐವತ್ತು ವರ್ಷದ ಮೇಲೂ ಅಲ್ಲಾಡುವುದಿಲ್ಲ. ದಿನಾಂಕ, ದೂರ, ಎದುರಾಳಿಗಳ ಸಂಖ್ಯೆ, ಯಾವುದರ ನಂತರ ಯಾವುದು ನಡೆಯಿತು ಎಂಬ ಕ್ರಮ ಇವು ಅಲ್ಲಾಡುತ್ತವೆ. ಗುಂಡು ಹಾರುತ್ತಿರುವಾಗ ಮನುಷ್ಯನ ಗಮನ ಕಣ್ಣೆದುರಿನ ಹತ್ತು ಗಜಕ್ಕೆ ಕುಗ್ಗುತ್ತದೆ. ಬಲಗಡೆಯ ತುಕಡಿ ಏನು ಮಾಡುತ್ತಿತ್ತು ಎಂಬುದು ಅವನಿಗೆ ಸಂಜೆ ಇನ್ನೊಬ್ಬರಿಂದ ತಿಳಿಯುತ್ತದೆ. ವರ್ಷಗಳು ಕಳೆದ ಮೇಲೆ ಕಂಡದ್ದೂ ಕೇಳಿದ್ದೂ ಒಂದೇ ಬಣ್ಣಕ್ಕೆ ತಿರುಗುತ್ತವೆ.

ವಿಂಟರ್ಸ್ ಹೆಸರು ಮಾಡಿದ ಕಾರ್ಯಾಚರಣೆಯನ್ನೇ ತೆಗೆದುಕೊಳ್ಳಿ. 1944ರ ಜೂನ್ 6ರ ನಸುಕು, ಮಿತ್ರಪಡೆಗಳು ನಾರ್ಮಂಡಿ ತೀರದಲ್ಲಿ ಇಳಿದ ದಿನ. 101ನೆಯ ಏರ್‌ಬೋರ್ನ್ ಡಿವಿಷನ್ನಿನ 506ನೆಯ ಪ್ಯಾರಾಚೂಟ್ ರೆಜಿಮೆಂಟ್, ಅದರ ಈಸಿ ಕಂಪನಿ. ಕಂಪನಿ ಕಮಾಂಡರ್ ಲೆಫ್ಟಿನೆಂಟ್ ಥಾಮಸ್ ಮೀಹನ್ ಇದ್ದ ವಿಮಾನ ಗುಂಡಿಗೆ ಉರಿದು ಬಿದ್ದು ಒಳಗಿದ್ದವರೆಲ್ಲ ಸತ್ತಿದ್ದರು, ಆದರೆ ಆ ಬೆಳಿಗ್ಗೆ ಅದು ಯಾರಿಗೂ ತಿಳಿದಿರಲಿಲ್ಲ. ಜಿಗಿಯುವಾಗ ಕಾಲಿಗೆ ಕಟ್ಟಿದ್ದ ಚೀಲ ಹರಿದು ವಿಂಟರ್ಸ್ ಅವರ ಬಂದೂಕು ಹೋಗಿತ್ತು. ಕಮಾಂಡರ್ ಕಾಣುತ್ತಿಲ್ಲವಾದ್ದರಿಂದ ಹೊಣೆ ಇವರ ತಲೆಗೆ ಬಂತು. ಬ್ರೆಕೂರ್ ಮ್ಯಾನರ್ ಎಂಬ ತೋಟದ ಮನೆಯ ಬಳಿ, ಯೂಟಾ ಕಡಲತೀರದಿಂದ ಒಳಬರುವ ದಾರಿಯ ಮೇಲೆ ಗುಂಡು ಸುರಿಸುತ್ತಿದ್ದ ನಾಲ್ಕು 105 ಮಿಲಿಮೀಟರ್ ಫಿರಂಗಿಗಳನ್ನು ಹನ್ನೆರಡರ ಆಸುಪಾಸಿನ ಜನರೊಂದಿಗೆ ಒಂದೊಂದಾಗಿ ಹಾಳುಗೆಡವಿದರು. ಒಂದು ಕಡೆಯಿಂದ ಮೆಷಿನ್‌ಗನ್ ಹಿಡಿದು ಎದುರಾಳಿಯ ತಲೆ ತಗ್ಗಿಸಿಟ್ಟು, ಇನ್ನೊಂದು ಕಡೆಯಿಂದ ಅವರದೇ ಕಂದಕದೊಳಗೆ ನುಗ್ಗಿ ಸಾಗಿದ ರೀತಿ ಅದು. ಅಲ್ಲಿ ಸಿಕ್ಕ ನಕ್ಷೆಯಲ್ಲಿ ಆ ಪ್ರದೇಶದ ಜರ್ಮನ್ ಫಿರಂಗಿಗಳ ಜಾಗಗಳು ಗುರುತಾಗಿದ್ದವು. ಅಂದು ಸಿಕ್ಕ ದೊಡ್ಡ ಗಳಿಕೆ ಆ ಕಾಗದ ಎಂದರೂ ತಪ್ಪಿಲ್ಲ.

ಇದರಲ್ಲಿ ಫಿರಂಗಿಗಳು, ನಕ್ಷೆ, ಪದಕ ಗಟ್ಟಿ ಸಂಗತಿಗಳು. ಎದುರಿಗಿದ್ದ ಜರ್ಮನರು ಎಷ್ಟು ಎಂಬುದು ಹೇಳುವವರನ್ನು ಅವಲಂಬಿಸಿದೆ. ನಾಲ್ಕನೆಯ ಫಿರಂಗಿಯ ಮೇಲೆ ಬಿದ್ದವರು ಬೇರೆ ಕಂಪನಿಯಿಂದ ಬಂದು ಸೇರಿಕೊಂಡ ರೊನಾಲ್ಡ್ ಸ್ಪಿಯರ್ಸ್ ಮತ್ತು ಅವರ ಜನ. ನೀವು ಹೇಳುವಾಗ 'ಹನ್ನೆರಡು ಮಂದಿ ಇಷ್ಟು ನೂರು ಜನರನ್ನು ಸೋಲಿಸಿದರು' ಎಂಬ ಲೆಕ್ಕಕ್ಕೆ ಇಳಿಯಬೇಡಿ. ಸಂಖ್ಯೆ ಬಿಟ್ಟರೂ ಕಥೆಯ ತೂಕ ಇಳಿಯುವುದಿಲ್ಲ.

ಪುಸ್ತಕ ಯಾವಾಗ ಬರೆದದ್ದು ಎಂಬುದನ್ನೂ ಗಮನಿಸಿ. ವಿಂಟರ್ಸ್ ಆತ್ಮಕಥನ ಬಂದದ್ದು 2006ರಲ್ಲಿ, ನಿವೃತ್ತ ಕರ್ನಲ್ ಕೋಲ್ ಕಿಂಗ್‌ಸೀಡ್ ಅವರ ನೆರವಿನಿಂದ. ಯುದ್ಧ ಮುಗಿದು ಆರು ದಶಕ, ಆಂಬ್ರೋಸ್ ಪುಸ್ತಕ ಬಂದು ಹದಿನಾಲ್ಕು ವರ್ಷ, ಸರಣಿ ಬಂದು ಐದು ವರ್ಷ ಆಗಿತ್ತು. ಅಷ್ಟು ಹೊತ್ತಿಗೆ ಅವರ ಮುಖವನ್ನು ಇನ್ನೊಬ್ಬ ನಟ ಹೊತ್ತು ಜಗತ್ತೆಲ್ಲ ತಿರುಗಿದ್ದ. ಅದರ ಪ್ರಭಾವ ನೆನಪಿನ ಮೇಲೆ ಬೀಳದೆ ಇರುವುದಿಲ್ಲ. ಆದರೆ ವಿಂಟರ್ಸ್ ಕಾಗದಪತ್ರ ಜೋಪಾನ ಮಾಡಿದ ಮನುಷ್ಯ. ಆದೇಶ, ಪತ್ರ, ಟಿಪ್ಪಣಿಗಳನ್ನು ಕಟ್ಟಿಟ್ಟುಕೊಂಡಿದ್ದರು. ಹಾಗಾಗಿ ಇಷ್ಟು ತಡವಾಗಿ ಬರೆದವರಲ್ಲಿ ಅವರು ವಾಸಿ ಎಂಬುದು ನನ್ನ ಎಣಿಕೆ.

ಹೋಲಿಸಿ ನೋಡಲು ಅದೇ ಕಂಪನಿಯ ಇನ್ನೊಬ್ಬ ಲೇಖಕರಿದ್ದಾರೆ: ಡೇವಿಡ್ ಕೆನ್ಯನ್ ವೆಬ್‌ಸ್ಟರ್. ಹಾರ್ವರ್ಡ್‌ನಲ್ಲಿ ಸಾಹಿತ್ಯ ಓದುತ್ತಿದ್ದವರು, ಬಡ್ತಿ ಬೇಡವೆಂದು ಕೊನೆಯವರೆಗೂ ಸಾದಾ ಸೈನಿಕನಾಗಿಯೇ ಉಳಿದವರು. ಅವರು ತಮ್ಮ ಅನುಭವವನ್ನು ಬರೆದಿಟ್ಟದ್ದು ಯುದ್ಧ ಮುಗಿದ ಹೊಸತರಲ್ಲೇ. ಪ್ರಕಾಶಕರಾರೂ ಆಗ ಕೈ ಹಾಕಲಿಲ್ಲ. 1961ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ತೀರದಿಂದ ದೋಣಿಯಲ್ಲಿ ಹೊರಟವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಶಾರ್ಕ್‌ಗಳ ಬಗ್ಗೆ ಅವರಿಗೆ ಹುಚ್ಚು ಆಸಕ್ತಿ, ಅವುಗಳ ಕುರಿತೂ ಒಂದು ಪುಸ್ತಕ ಬರೆದಿದ್ದರು. ಯುದ್ಧದ ಪುಸ್ತಕ ಅಚ್ಚಾದದ್ದು 1994ರಲ್ಲಿ. ವಿಂಟರ್ಸ್ ಬರಹದಲ್ಲಿ ಹೊಣೆ ಹೊತ್ತ ಅಧಿಕಾರಿಯ ಶಿಸ್ತಿದೆ. ವೆಬ್‌ಸ್ಟರ್ ಬರಹದಲ್ಲಿ ಗೊಣಗಾಟ, ಹಸಿವು, ಅಧಿಕಾರಿಗಳ ಮೇಲಿನ ಸಿಟ್ಟು ಇದೆ. ಬರಹಗಾರನಾಗಿ ವೆಬ್‌ಸ್ಟರ್ ಮೇಲು ಎಂದು ನನಗನಿಸುತ್ತದೆ. ನಿಮ್ಮ ಬಳಗದಲ್ಲಿ ಇದಕ್ಕೆ ಜಗಳವಾದರೆ ಒಳ್ಳೆಯದೇ.

ಹಾಗಾದರೆ ನೆನಪನ್ನು ಬಿಟ್ಟು ಸರ್ಕಾರಿ ಕಡತವನ್ನೇ ನಂಬಿದರೆ ಆಯಿತಲ್ಲ ಎಂದು ನಿಮ್ಮ ಗೆಳೆಯರು ಕೇಳಬಹುದು. ಅವರಿಗೆ ಹಾಗೆನೌ ಪಟ್ಟಣದ ಕಥೆ ಹೇಳಿ. 1945ರ ಫೆಬ್ರವರಿ, ಫ್ರಾನ್ಸಿನ ಗಡಿಭಾಗ, ಮೊದೆರ್ ನದಿ. ಇತ್ತ ದಡದಲ್ಲಿ ಅಮೆರಿಕನ್ನರು, ಅತ್ತ ಜರ್ಮನರು. ರಾತ್ರಿ ನದಿ ದಾಟಿ ಹೋದ ಗಸ್ತು ತಂಡ ಕೈದಿಗಳನ್ನು ಹಿಡಿದು ತಂದಿತು, ತಮ್ಮವನೊಬ್ಬನನ್ನು ಕಳೆದುಕೊಂಡಿತು. ಮರುರಾತ್ರಿ ಇನ್ನೊಂದು ಗಸ್ತು ಹೋಗಲಿ ಎಂದು ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ರಾಬರ್ಟ್ ಸಿಂಕ್ ಆಜ್ಞೆ ಮಾಡಿದರು. ಯುದ್ಧ ಮುಗಿಯುತ್ತ ಬಂದಿದೆ, ಇದರಿಂದ ಹೊಸದೇನೂ ತಿಳಿಯುವುದಿಲ್ಲ ಎಂದು ವಿಂಟರ್ಸ್‌ಗೆ ಖಚಿತವಾಗಿತ್ತು. ಜನರನ್ನು ಕರೆದು, ರಾತ್ರಿ ಮಲಗಿ ನಿದ್ದೆ ಮಾಡಿ, ಬೆಳಿಗ್ಗೆ ಹೋಗಿಬಂದೆವು, ಕೈದಿ ಸಿಗಲಿಲ್ಲ ಎಂದು ವರದಿ ಕೊಡಿ ಎಂದರು. ಮೇಲಧಿಕಾರಿಗೆ ಹೋದ ವರದಿ ಸುಳ್ಳು. ಅದು ಸುಳ್ಳೆಂದು ನಮಗೆ ತಿಳಿದದ್ದು ಮುದುಕರಾದ ಸೈನಿಕರ ನೆನಪಿನಿಂದ.

ಬ್ಲೈದ್ ವಿಷಯದಲ್ಲಿ ನೆನಪು ಎಡವಿತು, ದಾಖಲೆ ತಿದ್ದಿತು. ಹಾಗೆನೌನಲ್ಲಿ ದಾಖಲೆ ಸುಳ್ಳಾಡಿತು, ನೆನಪು ತಿದ್ದಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಹೇಳಿದರೆ ನಿಮ್ಮ ಸುಬೇದಾರರು ಎದ್ದುನಿಂತು ತಮ್ಮದೇ ಒಂದು ಪ್ರಸಂಗ ಹೇಳದೆ ಬಿಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ಇದು ನ್ಯಾಯದ ಪ್ರಶ್ನೆ. ಈಸಿ ಕಂಪನಿಯನ್ನು ಜಾರ್ಜಿಯಾದ ಟೊಕೊವಾ ಶಿಬಿರದಲ್ಲಿ ತರಬೇತುಗೊಳಿಸಿದವರು ಕ್ಯಾಪ್ಟನ್ ಹರ್ಬರ್ಟ್ ಸೋಬೆಲ್. ಕರಾಹೀ ಬೆಟ್ಟವನ್ನು ಮೂರು ಮೈಲಿ ಹತ್ತಿ ಮೂರು ಮೈಲಿ ಇಳಿಯುವ ಓಟ ಓಡಿಸಿದವರು. ಸರಣಿ ನೋಡಿದವರಿಗೆ ಅವರು ಕ್ಷುಲ್ಲಕ, ಅಸಮರ್ಥ ಮನುಷ್ಯ. 1943ರ ಕೊನೆಗೆ ಇಂಗ್ಲೆಂಡಿನಲ್ಲಿ ಸೋಬೆಲ್ ಮತ್ತು ವಿಂಟರ್ಸ್ ನಡುವೆ ಜಗಳ ಕೋರ್ಟ್ ಮಾರ್ಷಲ್‌ವರೆಗೂ ಹೋಯಿತು. ಸೋಬೆಲ್ ಕೈಕೆಳಗೆ ಯುದ್ಧಕ್ಕೆ ಹೋಗಲಾರೆವೆಂದು ಸಾರ್ಜೆಂಟ್‌ಗಳು ಬರೆದುಕೊಟ್ಟರು. ಆ ಬಂಡಾಯಕ್ಕಾಗಿ ಸಾರ್ಜೆಂಟ್ ಪಟ್ಟಿ ಕಳೆದುಕೊಂಡವರಲ್ಲಿ ಮೊಮ್ಮಗನ ಪತ್ರದ ಅದೇ ಮೈಕ್ ರಾನಿಯೂ ಒಬ್ಬರು. ಕೊನೆಗೆ ಸೋಬೆಲ್‌ಗೆ ವರ್ಗವಾಯಿತು. ಅಂದರೆ ಈ ವ್ಯಾಜ್ಯದಲ್ಲಿ ವಿಂಟರ್ಸ್ ಒಬ್ಬ ಕಕ್ಷಿದಾರ. ಸೋಬೆಲ್ ತೀರಿಕೊಂಡದ್ದು 1987ರಲ್ಲಿ, ಆಂಬ್ರೋಸ್ ಪುಸ್ತಕ ಬರುವ ಐದು ವರ್ಷ ಮೊದಲು. ಅವರು ಆತ್ಮಕಥನ ಬರೆಯಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ಕಂಪನಿ ಅಷ್ಟು ಗಟ್ಟಿಯಾದದ್ದರಲ್ಲಿ ಸೋಬೆಲ್ ಪಾಲೂ ಇದೆ ಎಂದು ವಿಂಟರ್ಸ್ ತಮ್ಮ ಪುಸ್ತಕದಲ್ಲಿ ಒಪ್ಪಿದ್ದಾರೆ. ಆ ಮಾತನ್ನು ಬಿಟ್ಟು ಜಗಳವನ್ನಷ್ಟೇ ಹೇಳಿದರೆ ನುಡಿನಮನ ವಿಂಟರ್ಸ್‌ಗಿಂತ ಸಣ್ಣದಾಗುತ್ತದೆ.

ಈ ಸೈನಿಕರನ್ನು ನಾರ್ಮಂಡಿಗೆ ವಿಮಾನದಲ್ಲಿ ಒಯ್ದ ಪೈಲಟ್‌ಗಳಿಗೂ ಇದೇ ಗತಿ. ಹೆದರಿ ಎಲ್ಲೆಂದರಲ್ಲಿ ಬೀಳಿಸಿದರು ಎಂಬ ದೂರು ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಸಾಗಣೆ ವಿಮಾನಗಳ ಮಾಜಿ ಪೈಲಟ್‌ಗಳು ಇದನ್ನು ಕಟುವಾಗಿ ವಿರೋಧಿಸಿದರು. ಫ್ರಾನ್ಸಿನ ಕರಾವಳಿ ದಾಟುತ್ತಲೇ ದಟ್ಟ ಮೋಡ ಎದುರಾಗಿತ್ತು, ಕೆಳಗಿನಿಂದ ಗುಂಡು ಬರುತ್ತಿತ್ತು, ಸಾಲುಗಟ್ಟಿದ್ದ ವಿಮಾನಗಳು ಕತ್ತಲಲ್ಲಿ ಚದುರಿದವು. ವಿಮಾನದ ಹೊಟ್ಟೆಯಲ್ಲಿ ಕುಳಿತವನಿಗೆ ಅಲುಗಾಟ ಗೊತ್ತಾಗುತ್ತದೆ, ಎದುರಿನ ಮೋಡ ಕಾಣುವುದಿಲ್ಲ.

ಈಗ ನೀವು ಏನು ಮಾಡಬಹುದು ಎಂಬುದು. ಹುಟ್ಟಿನಿಂದ ಸಾವಿನವರೆಗಿನ ಜೀವನಚಿತ್ರ ಸುಲಭ. 1918ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟು, 1941ರಲ್ಲಿ ಪದವಿ ಮತ್ತು ಸೇನೆ, ನಾರ್ಮಂಡಿ, ಹಾಲೆಂಡ್, ಬೆಲ್ಜಿಯಂನ ಬ್ಯಾಸ್ಟೋನ್, ಆಸ್ಟ್ರಿಯಾದಲ್ಲಿ ಯುದ್ಧದ ಅಂತ್ಯ. ಬದುಕಿ ಉಳಿದರೆ ಎಲ್ಲಾದರೂ ಒಂದು ತುಂಡು ನೆಲ ಹಿಡಿದು ನೆಮ್ಮದಿಯಾಗಿರುತ್ತೇನೆ ಎಂದು ನಾರ್ಮಂಡಿಯ ಮೊದಲ ದಿನದ ಕೊನೆಗೆ ಹೊತ್ತ ಹರಕೆ, ಆಮೇಲೆ ನಿಜವಾಗಿಯೂ ಕೊಂಡ ಹೊಲ, ರೈತರಿಗೆ ಪಶು ಆಹಾರ ಮಾರುವ ಉದ್ಯೋಗ. ಇದರ ಅಪಾಯವೆಂದರೆ ಇಂಥದ್ದು ಎಲ್ಲ ಕಡೆ ಸಿಗುತ್ತದೆ, ಮತ್ತು ಅರ್ಧ ಗಂಟೆಯಲ್ಲಿ ಹೊಗಳಿಕೆಯಾಗಿ ಜಾರುತ್ತದೆ.

ಒಂದೇ ಪ್ರಸಂಗ ಹಿಡಿದು ಆಳಕ್ಕೆ ಇಳಿಯುವುದು ಇನ್ನೊಂದು ದಾರಿ. ನಾನಾದರೆ ಹಾಗೆನೌ ಆರಿಸಿಕೊಳ್ಳುತ್ತಿದ್ದೆ. ಫಿರಂಗಿ ಹಿಡಿದ ಅಧಿಕಾರಿಗಳು ಬಹಳ ಮಂದಿ ಇದ್ದಾರೆ, ಆಜ್ಞೆ ಮೀರಿ ಹುಡುಗರನ್ನು ಮಲಗಿಸಿದ್ದನ್ನು ಹೇಳಿಕೊಂಡವರು ಕಡಿಮೆ. ಆದರೆ ಇದು ಸೇನೆಯಲ್ಲಿದ್ದವರ ಎದುರು ಕಿಡಿ ಹೊತ್ತಿಸಬಹುದು. ಆಜ್ಞೆ ಮೀರಿದ್ದನ್ನು, ಅದರಲ್ಲೂ ಸುಳ್ಳು ವರದಿ ಕೊಡಿಸಿದ್ದನ್ನು ನೀವು ಮೆಚ್ಚುತ್ತಿದ್ದೀರಾ ಎಂದು ಕೇಳಿದರೆ ಉತ್ತರ ಸಿದ್ಧವಿರಲಿ.

ಪುಸ್ತಕದ ಭಾಗಗಳನ್ನೇ ಕನ್ನಡಕ್ಕೆ ತಂದು ಓದುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಅದು ಹಕ್ಕುಸ್ವಾಮ್ಯದಲ್ಲಿರುವ ಕೃತಿ. ವಿಮರ್ಶೆಯ ನಡುವೆ ನಾಲ್ಕಾರು ಸಾಲು ಉದ್ಧರಿಸುವುದಕ್ಕೆ ಅಡ್ಡಿಯಿಲ್ಲ. ಇಡೀ ಅಧ್ಯಾಯ ಅನುವಾದಿಸಿ ಹಂಚುವುದಾದರೆ ಪ್ರಕಾಶಕರ ಅನುಮತಿ ಬೇಕು.

ಅವರ ಸಾವನ್ನು ಹೇಗೆ ಹೇಳುವುದೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಟರ್ಸ್ ತೀರಿಕೊಂಡದ್ದು 2011ರ ಜನವರಿ 2ರಂದು, 92ನೆಯ ವಯಸ್ಸಿನಲ್ಲಿ. ಪಾರ್ಕಿನ್ಸನ್ ಕಾಯಿಲೆ ಬಹಳ ದಿನದಿಂದ ಕಾಡುತ್ತಿತ್ತು. ಅಂತ್ಯಕ್ರಿಯೆ ಮುಗಿಯುವವರೆಗೂ ಸುದ್ದಿ ಹೊರಬೀಳಬಾರದೆಂಬುದು ಅವರ ಇಚ್ಛೆ, ಮನೆಯವರು ಹಾಗೆಯೇ ನಡೆಸಿದರು. ನಾರ್ಮಂಡಿಯಲ್ಲಿ ಅವರ ಪ್ರತಿಮೆ ನಿಲ್ಲಿಸುವ ಪ್ರಸ್ತಾಪ ಬಂದಾಗ, ಅದು ಅಂದು ಮಡಿದ ಎಲ್ಲ ಕಿರಿಯ ಅಧಿಕಾರಿಗಳ ಹೆಸರಿನಲ್ಲಿರಬೇಕೆಂದು ಷರತ್ತು ಹಾಕಿ ಒಪ್ಪಿದ್ದರು. 2012ರ ಜೂನ್ 6ರಂದು ಸೇಂಟ್ ಮರಿ ದು ಮೋಂ ಬಳಿ ಅದು ಅನಾವರಣವಾದಾಗ ಅವರು ಇರಲಿಲ್ಲ. ಇಂಥವರ ನುಡಿನಮನದಲ್ಲಿ ಮೀಹನ್, ರಾನಿ, ಬ್ಲೈದ್, ಸೋಬೆಲ್ ಹೆಸರುಗಳು ಬಾರದಿದ್ದರೆ ಅವರ ಇಚ್ಛೆಯನ್ನೇ ಮೀರಿದಂತೆ.

ಇನ್ನು ಮಗಳ ಪ್ರಶ್ನೆ. ಓದಿದ ಲೇಖಕ ಯಾವ ದೇಶದವನಾದರೂ ನೆನೆಯಲು ಹಕ್ಕಿದೆ, ಅದರಲ್ಲಿ ಸಂಕೋಚ ಬೇಡ. ಆದರೆ ಆಕೆಯ ಮಾತಿನಲ್ಲಿ ಸತ್ಯವಿದೆ. 1941ರಲ್ಲೇ ಕಟ್ಟಿದ 50ನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ, ಪ್ಯಾರಾಚೂಟ್ ಇಲ್ಲದೆ ನೆಲದ ಮೇಲೆ ನಿಂತು, ಜಪಾನೀಯರ ಮುನ್ನಡೆಯನ್ನು ದಿನಗಟ್ಟಲೆ ತಡೆಹಿಡಿಯಿತು. ಅದನ್ನು ಬರೆದವರು ಹೆಚ್ಚಾಗಿ ಬ್ರಿಟಿಷ್ ಅಧಿಕಾರಿಗಳು. ಸಿಪಾಯಿಗಳ ಬರಹ ಸಿಗುವುದು ಬಲು ಅಪರೂಪ, ಸೋಬೆಲ್ ಪಾಡೇ ಅವರದೂ. 1971ರ ಡಿಸೆಂಬರ್ 11ರಂದು ಇಂದಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ 2 ಪ್ಯಾರಾ ಇಳಿದಾಗ ಇಳಿದವರು ಒಂದು ಬೆಟಾಲಿಯನ್ ಗುಂಪು ಮಾತ್ರ. ಸುದ್ದಿ ಹಬ್ಬಿದ್ದು ಐದು ಸಾವಿರ ಎಂದು. ಆ ಉಬ್ಬಿದ ಸಂಖ್ಯೆ ಢಾಕಾದಲ್ಲಿದ್ದ ಪಾಕಿಸ್ತಾನಿ ಎದುರಾಳಿಯ ಎದೆಗುಂದಿಸಲು ನೆರವಾಯಿತು, ಇಂದಿಗೂ ಅಲ್ಲಲ್ಲಿ ನಿಜವೆಂಬಂತೆ ಅಚ್ಚಾಗುತ್ತಿದೆ.

ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ನಿವೃತ್ತರಾದವರು ನಿಮ್ಮ ಜಿಲ್ಲೆಯಲ್ಲೂ ಇರಬಹುದು. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೆ ನಿಮ್ಮ ಸುಬೇದಾರರನ್ನೇ ಕೇಳಿ. 1971ರಲ್ಲಿ ಇಪ್ಪತ್ತು ದಾಟಿದ್ದವರಿಗೆ ಈಗ ಎಪ್ಪತ್ತು ಕಳೆದಿದೆ. ಮಗಳು ಮೊಬೈಲ್‌ನಲ್ಲಿ ಅವರ ಧ್ವನಿ ಮುದ್ರಿಸಿಕೊಳ್ಳಲಿ. ಶುರುವಿಗೇ ಇಸವಿ ಕೇಳಬಾರದು. ಊಟ, ಬೂಟು, ಮೊದಲ ಜಿಗಿತ, ಬ್ಯಾರಕ್ಕಿನಲ್ಲಿ ಪಕ್ಕದ ಮಂಚದವನ ಹೆಸರು ಇವುಗಳಿಂದ ಆರಂಭಿಸಿದರೆ ಮಾತು ತಾನಾಗಿ ಬರುತ್ತದೆ. ಇಸವಿಗಳನ್ನು ಆಮೇಲೆ ಅವರ ಡಿಸ್ಚಾರ್ಜ್ ಬುಕ್ ನೋಡಿ ಹೊಂದಿಸಿಕೊಳ್ಳಬಹುದು. ಪುಸ್ತಕದಲ್ಲಿರುವುದಕ್ಕೂ ಅವರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಟ್ಟು, ಯಾವುದು ಯಾರ ಮಾತು ಎಂದು ಪಕ್ಕದಲ್ಲೇ ಗುರುತು ಹಾಕಲಿ.